ತಕ್ಕಡಿಯ ಕೆಳಗಿದ್ದ ಕಾಗದ

ಮಂಡಿಪೇಟೆ, ದಾವಣಗೆರೆ
ಬುಧವಾರ

ಹರಿಹರದ ಅಣ್ಣನಿಗೆ ಶರಣು,

ಇದರ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಇವತ್ತೇ ಸಹಿ ಹಾಕು. ನಿನ್ನ ಮಗ ನಿಶಾಂತನಿಗೆ ಶುಕ್ರವಾರ ಕ್ಯಾನ್ಸರ್ ಔಷಧಿ ಶುರುವಾಗುತ್ತದೆ. ಅದಕ್ಕೂ ಮೊದಲು ಒಂದು ಸಣ್ಣ ಶಸ್ತ್ರಚಿಕಿತ್ಸೆಗೆ ನಾಳೆಯೇ ಅವನನ್ನು ಬೆಂಗಳೂರಿಗೆ ಕರೆದೊಯ್ಯಬೇಕು.

ಇಲ್ಲಿನ ಡಾಕ್ಟರು ಹೇಳಿದರು: "ಈ ಔಷಧಿ ಕೊಟ್ಟ ಮ್ಯಾಲೆ ಹುಡುಗಗೆ ಮುಂದೆ ಮಕ್ಕಳಾಗದೇ ಹೋಗಬಹುದ್ರಿ. ಮೊದಲೇ ವೃಷಣದ ಸಣ್ಣ ಚೂರು ತೆಗೆದು ಫ್ರೀಜ್ ಮಾಡಿಟ್ರೆ, ದೊಡ್ಡವನಾದಾಗ ವಾಪಸ್ ಕೂರಿಸಿ ನೋಡಬಹುದು. ಖಾತ್ರಿ ಇಲ್ಲ, ಆದ್ರೆ ದಾರಿ ಐತೆ."

ನಿನಗೆ ಮುಟ್ಟಿಸೆಂದು ಅವರು ಈ ಕಾಗದ ನನ್ನ ಕೈಗೆ ಕೊಟ್ಟದ್ದು ಸೋಮವಾರ. ಎರಡು ದಿನ ಅದು ಅಂಗಡಿಯ ತಕ್ಕಡಿಯ ಕೆಳಗಿತ್ತು. ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ.

ಎಂಟು ವರ್ಷಕ್ಕೆ ನನಗೂ ಇದೇ ಕಾಯಿಲೆ ಬಂದಾಗ ಇಂಥ ಕಾಗದ ಇರಲಿಲ್ಲ. ಅಪ್ಪ ಕೇಳಿದ್ದು ಒಂದೇ: "ಹುಡುಗ ಉಳೀತಾನೇನ್ರಿ?" ಉಳಿದೆ. ಮಕ್ಕಳು ಮಾತ್ರ ಆಗಲಿಲ್ಲ. ಈಗ ನನ್ನ ಸುಮಾ ಯಾರ ಮನೆಯ ತೊಟ್ಟಿಲ ಕಾರ್ಯಕ್ಕೂ ಹೋಗುವುದಿಲ್ಲ. ನಿಶಾಂತನ ತೊಟ್ಟಿಲು ಕಟ್ಟಿದವನು ನಾನೇ. ಅದೇ ಕೂಸಿನ ಮೇಲೆ ನನಗೆ ಹೊಟ್ಟೆಕಿಚ್ಚು.

ನಿನ್ನೆ ಇಲ್ಲಿನ ಆಸ್ಪತ್ರೆಯಲ್ಲಿ ಅವನು ಕೇಳಿದ, "ಕಾಕಾ, ನಿಂಗೂ ಹಿಂಗೇ ಆಗಿತ್ತಂತೆ. ಈಗ ಎಲ್ಲಾ ಸರಿ ಹೋಗೈತಲ್ಲ?"

ಹ್ಞೂಂ ಅಂದೆ. ಇವತ್ತು ಬೆಳಿಗ್ಗೆ ತಕ್ಕಡಿ ಎತ್ತಿ ಕಾಗದ ತೆಗೆದೆ.

ನಾಳೆಗೆ ಕಾರು ಹೇಳಿದ್ದೇನೆ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಮೊದಲೇ ಹಾಕಿಟ್ಟಿದ್ದೇನೆ. ನೀನು ಹಾಕುವುದನ್ನು ನಿಂತು ನೋಡುವ ಶಕ್ತಿ ನನಗಿಲ್ಲ. ಅದಕ್ಕೇ ಅತ್ತಿಗೆಯ ಕೈಯಲ್ಲಿ ಕಳಿಸಿದ್ದೇನೆ.

ನಿನ್ನ ತಮ್ಮ,
ಚನ್ನವೀರ