ಹೆಣ್ಣಿಗಿಲ್ಲದ ಕೊಂಬು

ಪ್ರೀತಿಯ ಅಪ್ಪನಿಗೆ,

ಪರೀಕ್ಷೆ ಹತ್ತಿರವಿರುವಾಗ ಓದು ಬಿಟ್ಟು ಪತ್ರ ಬರೆಯುತ್ತಿದ್ದೇನೆ, ಸಾರಿ. ಫೋನ್ ಮಾಡಿದರೆ ನೀವು ಬೇಟೆ ಫಾರ್ಮಿನ ಆಫೀಸಿಗೇ ಬಂದು ಮಾತಾಡಬೇಕು, ಅಲ್ಲಿ ಯಜಮಾನರು ಪಕ್ಕದಲ್ಲೇ ಕೂತಿರುತ್ತಾರೆ.

ಭಾನುವಾರ ರಿಸೆಂಗಾ ಚಿಕ್ಕಪ್ಪ ಹಾಸ್ಟೆಲಿಗೆ ಬಂದು ಒಣಮಾಂಸ ಕೊಟ್ಟರು. ಜೊತೆಗೆ, ಯಜಮಾನರ ಗಿಫ್ಟ್ ಎಂದು ಇಂಪಾಲಾ ಜಿಂಕೆಯ ಒಂದು ಜೊತೆ ಕೊಂಬು. "ನಿಮ್ಮಪ್ಪ ಈಗ ದೊಡ್ಡ ಮನುಷ್ಯ ಕಣೇ! ಮಾಂಸದ ಲಾರೀನೇ ಅವನ ಕೈಗೆ ಕೊಟ್ಟುಬಿಟ್ಟಿದ್ದಾರೆ," ಎಂದು ನಕ್ಕರು.

ಬೇಟೆಯ ಸೀಸನ್ ಮುಗಿದಿದೆ. ಮೇವು ಸಾಲದ್ದಕ್ಕೆ ಹಿಂಡು ಕಡಿಮೆ ಮಾಡಲು ಹೆಣ್ಣು ಇಂಪಾಲಾಗಳನ್ನು ಮಾತ್ರ ಹೊಡೆಯುವ ಪರ್ಮಿಷನ್ ಸಿಕ್ಕಿದೆ ಎಂದು ನೀವೇ ಹೇಳಿದ್ದಿರಿ. ರೂಮ್‌ಮೇಟ್ ತ್ಸಾಕಾನಿ ಕೊಂಬು ನೋಡಿ, "ನಿಮ್ಮೂರಲ್ಲಿ ಹೆಣ್ಣು ಇಂಪಾಲಾಗೂ ಕೊಂಬು ಮೂಡುತ್ತೇನೇ?" ಎಂದಳು. ಹಳೆಯದಿರಬೇಕು ಎಂದೆ. ಆದರೆ ಬುಡದಲ್ಲಿ ಇನ್ನೂ ಹಸಿ ರಕ್ತದ ವಾಸನೆಯಿದೆ.

ಇಷ್ಟು ದಿನ ಆ ಲಾರಿಯನ್ನು ಯಜಮಾನರ ಮಗನೇ ಓಡಿಸುತ್ತಿದ್ದ. ದಾರಿಯಲ್ಲಿ ಚೆಕಿಂಗ್ ಬಿಗಿಯಾದ ಮೇಲೆ ನಿಮಗೆ ಏಕೆ ಕೊಟ್ಟರು? ಮಾಂಸದ ಕೆಳಗೆ ಕೊಂಬಿರುವ ಗಂಡುಗಳ ತಲೆ ಇಲ್ಲವೆಂದು ನೋಡಿದ್ದೀರಾ? ಸಿಕ್ಕಿಬಿದ್ದರೆ ಜೈಲಿಗೆ ಹೋಗುವುದು ಡ್ರೈವರ್, ಅವರಲ್ಲ.

ಮುಂದಿನ ಸಲ ಕರೆದರೆ ಬೆನ್ನುನೋವು ಎಂದು ಹೇಳಿ ಮನೆಯಲ್ಲೇ ಇರಿ. ಕೊಂಬನ್ನು ಟ್ರಂಕಿನ ತಳಕ್ಕೆ ಹಾಕಿದ್ದೇನೆ. ಅಮ್ಮನಿಗೆ ಏನೂ ಹೇಳಬೇಡಿ.

ನಿಮಗೆ ಗೊತ್ತಿಲ್ಲದಿದ್ದರೂ ಸರಿ, ಗೊತ್ತಿದ್ದೇ ಓಡಿಸುತ್ತಿದ್ದರೂ ಸರಿ, ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಮಗಳು,
ನ್ಯೆಲೆಟಿ