ಪ್ರಸಾದದ ಸಾಲಿನಾಗ ಅವ್ವ

ಕೋಥರೂಡ, ಪುಣೆ
೨೮ ಸೆಪ್ಟೆಂಬರ್ ೨೦೨೫, ರವಿವಾರ

ತೀರ್ಥರೂಪ ಅಪ್ಪನವರಿಗೆ ಭುವನಾಳ ನಮಸ್ಕಾರ.

ಸನ್ಯಾಸ ತಗೊಂಡವರಿಗೆ ಮಗಳು ಹಿಂಗ ಬರೀಬಹುದೋ ಇಲ್ಲೋ ಗೊತ್ತಿಲ್ಲ. ಆದ್ರ ನಿಮ್ಮ ಪತ್ರದ ಕೆಳಗ ನೀವೇ ‘ನಿನ್ನ ಅಪ್ಪ’ ಅಂತ ಬರದೀರಿ, ಅದಕ್ಕ ನಾನೂ ಹಂಗೇ ಬರದೆ. ಮೊಣಕಾಲು ಈಗ ಹೆಂಗ ಅದಾವ? ಎಡಗಾಲು ಮಡಚಲಿಕ್ಕೆ ಆಗೂದಿಲ್ಲ ಅಂದಿದ್ರಿ. ಅಲ್ಲಿ ನದಿ ದಂಡಿಗೆ ಥಂಡಿ ಭಾಳ, ಬರೇ ನೆಲದ ಮ್ಯಾಲೆ ಕೂಡಬ್ಯಾಡ್ರಿ, ಕೆಳಗ ಕಂಬಳಿ ಹಾಕ್ಕೊಳ್ರಿ. ಅವ್ವ ಆರಾಮ ಇದ್ದಾಳ. ಈಗ ಮೂರು ಅಪಾರ್ಟ್‌ಮೆಂಟ್ ಸೊಸೈಟಿಗೆ ಜೋಳದ ರೊಟ್ಟಿ ಮಾಡಿ ಕೊಡ್ತಾಳ. ಬಾಜೂ ಮನಿ ನೀತಾ ಕಾಕು ಸುದ್ದಾ ಅವ್ವನ ಜೋಡಿ ಕೂತು ರೊಟ್ಟಿ ಬಡೀಲಿಕ್ಕೆ ಕಲ್ತಾರ, ಅವರ ರೊಟ್ಟಿ ಮಾತ್ರ ಇನ್ನೂ ಮಹಾರಾಷ್ಟ್ರದ ನಕಾಶೆಯಂಗ ಇರ್ತಾವ. ನಿಮ್ಮ ಪತ್ರ ಬಂದಾಗ ಅವ್ವ ಹಂಚಿನ ಮುಂದ ಇದ್ಲು. ನಾ ಓದಿ ಹೇಳಿದೆ. ಪೂರಾ ಕೇಳಿ, ರೊಟ್ಟಿ ತಿರುವಿ ಹಾಕಿ, ‘ಮುಂದ ಓದು’ ಅಂದ್ಲು. ಮುಂದ ಏನೂ ಇರಲಿಲ್ಲ.

ನಾಲ್ಕು ವರ್ಷದ ಹಿಂದ ಸಿಮೆಂಟ್ ಆಫೀಸಿನ ನೌಕರಿ ಬಿಟ್ಟು, ‘ಸತ್ಯ ಹುಡುಕಲಿಕ್ಕೆ ಹೊಂಟೀನಿ, ನನ್ನನ್ನ ಹುಡುಕಬ್ಯಾಡ್ರಿ’ ಅಂತ ಟಿವಿ ಮ್ಯಾಲೆ ಚೀಟಿ ಇಟ್ಟು ಹೋದ್ರಲ್ಲ, ಅವಾಗ ಖರೇ ಹೇಳ್ತೀನಿ, ನನಗ ಸಿಟ್ಟು ಬರಲಿಲ್ಲ, ಹೆಮ್ಮೆ ಅನಿಸಿತು. ಗೆಳತ್ಯಾರ ಅಪ್ಪಂದಿರು ಪಾರ್ಕಿಂಗ್ ಸಲುವಾಗಿ ಜಗಳಾಡೋ ಹೊತ್ತಿನ್ಯಾಗ ನಮ್ಮಪ್ಪ ಸತ್ಯದ ಬೆನ್ನು ಹತ್ಯಾರ ಅಂತ ಬೀಗಿದೆ. ಬಿ.ಕಾಂ. ಮುಗಿಸಿ ತತ್ವಶಾಸ್ತ್ರದ ಎಂ.ಎ.ಗೆ ಹೆಸರು ಹಚ್ಚಿದೆ. ನೀವು ಪೆನ್ಸಿಲ್‌ನಿಂದ ಗೆರಿ ಎಳದಿದ್ದ ಪುಸ್ತಕ ಎಲ್ಲಾ ಓದಿದೆ. ಗೆರಿ ಇದ್ದಲ್ಲೆಲ್ಲಾ ನೀವು ಕೂತಂಗ ಅನಿಸ್ತಿತ್ತು. ಅವ್ವ ಮಾತ್ರ ಒಂದೇ ಮಾತು ಅಂದ್ಲು: ‘ಆ ಓದು ಮನಿಯಿಂದ ಒಬ್ಬರನ್ನ ಒಯ್ದದ. ನೀ ಓದು, ಆದ್ರ ಸಂಜೀಕ ಮನಿಗೆ ಬಾ.’

ಮೊದಲನೇ ವರ್ಷ ವೈರಾಗ್ಯದ ಮ್ಯಾಲೆ ಇಪ್ಪತ್ತು ಪುಟ ಬರದೆ. ಬಿಡೋದೇ ದೊಡ್ಡದು, ಹಿಡಕೊಂಡು ಕೂಡೋದು ಸಣ್ಣದು ಅಂತ ವಾದ. ನಮ್ಮ ಆರತಿ ಮೇಡಂ ಕಡೀ ಪುಟದ ಕೆಳಗ ಮರಾಠಿಯೊಳಗ ಬರದಿದ್ರು: ಬಿಟ್ಟವರ ಮನಸ್ಸು ಛಂದ ಬರದೀ, ಅವರು ಬಿಟ್ಟದ್ದು ಯಾರನ್ನ, ಆ ಮಂದಿ ಏನಂತಾರ, ಕೇಳಿದೇನು? ಒಂದು ವಾರ ಅವರ ಕ್ಲಾಸಿಗೆ ಹೋಗಲಿಲ್ಲ ನಾ. ಅವ್ವನ್ನ ಕೇಳೋ ಧೈರ್ಯ ಇರಲಿಲ್ಲ. ನಿಮ್ಮನ್ನೇ ಕೇಳಿದ್ರ ಆತು ಅಂತ, ಅವರಿವರನ್ನ ವಿಚಾರಿಸಿ ನಿಮ್ಮ ಪತ್ತೆ ಹಚ್ಚಿ, ಹೋದ ವರ್ಷ ಮೇ ರಜೆಯೊಳಗ ಅಕಿನ್ನ ಕರಕೊಂಡು ನಿಮ್ಮ ಆಶ್ರಮಕ್ಕ ಬಂದೆ.

ಅವತ್ತಿಂದು ನಿಮಗ ನೆನಪು ಅದನೋ ಇಲ್ಲೋ. ಅವ್ವ ಇಳಕಲ್ ಸೀರಿ ಉಟ್ಟಿದ್ಲು. ಎರಡು ದಿವಸ ರೈಲಿನಾಗ ರೊಟ್ಟಿ, ಶೇಂಗಾ ಚಟ್ನಿ ಗಂಟು ತೊಡಿ ಮ್ಯಾಲಿಂದ ಇಳಿಸಿರಲಿಲ್ಲ. ನೀವು ಕಟ್ಟಿ ಮ್ಯಾಲೆ ಕೂತಿದ್ರಿ, ಸುತ್ತ ಮಂದಿ. ಅವ್ವ ಗಂಟು ಮುಂದ ಹಿಡದ್ಲು. ನೀವು ಅಕಿ ಮಾರಿ ನೋಡಿದ್ರಿ. ಗುರುತು ಹಿಡದ್ರಿ ಅಪ್ಪಾ, ನಿಮ್ಮ ಕಣ್ಣು ನಾ ನೋಡೀನಿ. ಹಿಡದೂ ಹಿಂದಿಯೊಳಗ ‘ಮಾತಾಜಿ, ಪ್ರಸಾದದ ಸಾಲು ಆ ಕಡೆ ಅದ’ ಅಂದ್ರಿ. ನನಗ ‘ಬೇಟಿ, ಪ್ರಶ್ನೆ ಇದ್ರ ಸಂಜೀ ಸತ್ಸಂಗದಾಗ ಕೇಳು’ ಅಂದ್ರಿ. ಅವ್ವ ಹೋಗಿ ಸಾಲಿನಾಗ ನಿಂತ್ಲು. ಬಿಸಿಲಾಗ ಮುಕ್ಕಾಲು ತಾಸು. ನಾ ಕೈ ಹಿಡದು ಜಗ್ಗಿದ್ರೂ ಬರಲಿಲ್ಲ. ಖಿಚಡಿ ಇಸಕೊಂಡು, ಉಂಡು, ಪತ್ರಾವಳಿ ಒಗದು ಬಂದ್ಲು. ರೊಟ್ಟಿ ಗಂಟು ಸ್ಟೇಷನ್ನಿನ ಹಮಾಲರಿಗೆ ಕೊಟ್ಲು. ರೈಲು ಬಿಟ್ಟ ಮ್ಯಾಲೆ ಕಿಡಕಿ ಕಡೆ ಮಾರಿ ಮಾಡಿ ಅಂದ್ಲು: ‘ಸತ್ತಿದ್ರ ಅತ್ತು ಮುಗಿಸ್ತಿದ್ದೆ.’

ಹೊಳ್ಳಿ ಬಂದು ಆ ಇಪ್ಪತ್ತು ಪುಟ ಹರದು ಹಾಕಿದೆ. ಆರತಿ ಮೇಡಂ ಮುಂದ ಕೂತು ಅತ್ತೆ, ಹೊಸಾ ವಿಷಯ ತಗೊಂಡೆ. ಗಂಡ ಸಾಧು ಆಗಿ ಹೋದ ಹೆಣ್ಣುಮಕ್ಕಳನ್ನ ಹುಡುಕಿ ಹುಡುಕಿ ಮಾತಾಡಿಸಿದೆ. ಹಳದಿ-ಕುಂಕುಮಕ್ಕ ಕರೀಬೇಕೋ ಬ್ಯಾಡೋ ಅಂತ ಓಣಿ ಮಂದಿ ಗೊಂದಲಕ್ಕ ಬೀಳೋ ಹೆಣ್ಣುಮಕ್ಕಳು. ಇಲ್ಲೇ ಪುಣೆಯ ಕೊಂಢವಾದಾಗ ಮನಿ ಕಟ್ಟೋ ಗೌಂಡಿ ಕೈಕೆಳಗ ದುಡಿಯೋ ಯಮನವ್ವನ್ನ ‘ನೀವೂ ಏನಾದ್ರೂ ಬಿಟ್ಟೀರೇನು’ ಅಂತ ಕೇಳಿದೆ. ಬುಟ್ಟಿ ಇಳಿಸಿ ನಕ್ಕಳು: ‘ಬಿಡ್ಲಿಕ್ಕೆ ನನಗ ಸೂಟಿ ಎಲ್ಲಿ ಅದವ್ವಾ?’ ಆ ಮಾತು ಕೇಳಿದ ಮ್ಯಾಲೆ ನಿಮ್ಮ ಪೆನ್ಸಿಲ್ ಗೆರಿ ನೋಡಿದ್ರ ನಾಚಿಕಿ ಬರ್ತದ. ಜುಲೈದಾಗ ಎಂ.ಎ. ಪಾಸಾದೆ, ಇದೇ ವಿಷಯದ ಮ್ಯಾಲೆ ಪಿಎಚ್‌.ಡಿ.ಗೆ ಸೇರೀನಿ. ಓದಿದ್ರ ಮನಸ್ಸು ಶಾಂತ ಆಗತದ ಅಂದ್ಕೊಂಡಿದ್ದೆ. ನನಗ ಸಿಟ್ಟು ಮಾಡಲಿಕ್ಕೆ ಕಲಿಸಿದ್ದೇ ಈ ಓದು. ನಿಮಗ ಇದು ಅಧೋಗತಿ ಅನಿಸಬಹುದು. ನಾ ಇದನ್ನೇ ಬೆಳವಣಿಗಿ ಅಂತೀನಿ.

ಈಗ ನೀವು ಬರದೀರಿ: ಸಂಸಾರದೊಳಗ ಇದ್ದೇ ಸಾಧನೆ ಮಾಡಬೇಕು ಅಂತ ತಿಳೀತು, ಆಶ್ರಮದ ಹೊಸಾ ಮಹಂತರ ಜೋಡಿ ಹೊಂದಾಣಿಕಿ ಆಗವಲ್ದು, ದೀಪಾವಳಿಗೆ ಬಂದು ಮನಿಯೊಳಗೇ ಇದ್ದುಬಿಡ್ತೀನಿ, ರುದ್ರವ್ವನ ಕೈ ರೊಟ್ಟಿ ನೆನಪಾಗತದ. ಅವ್ವನ ಹೆಸರು ಪತ್ರದಾಗ ಬಂದದ್ದು ಅದೊಂದೇ ಕಡೆ, ರೊಟ್ಟಿ ಜೋಡಿ. ಆ ತಿಳುವಳಿಕಿ ಮೊದಲು ಬಂತೋ ಮೊಣಕಾಲು ಬ್ಯಾನಿ ಮೊದಲು ಬಂತೋ, ಅದೊಂದು ತಿಳಿಸ್ರಿ. ಕ್ಷಮಾ ಅನ್ನೋ ಶಬ್ದ ಎಲ್ಲಾದ್ರೂ ಅದನೇನು ಅಂತ ಹಾಳಿಯ ಎರಡೂ ಬಾಜೂ ಹುಡುಕಿದೆ. ಅವ್ವ ಹೆಂಗ ಇದ್ದಾಳ ಅಂತ ಕೇಳಿದ್ದೂ ಕಾಣಲಿಲ್ಲ.

ಕೊಬ್ಬರಿ ಎಣ್ಣಿ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕೊಳ್ರಿ. ಗುಳಿಗಿ ಬಿಡಬ್ಯಾಡ್ರಿ. ನಿಮಗ ಒಳ್ಳೇದಾಗಲಿ ಅಂತ ಖರೇನೇ ಅನಿಸತದ, ಅದನ್ನ ಇದಕ್ಕಿಂತ ಛಲೋ ಬರೀಲಿಕ್ಕೆ ಕೈ ಏಳವಲ್ದು.

ಇಂತಿ,
ಭುವನೇಶ್ವರಿ

ತಾ.ಕ.: ಲಕೋಟಿ ಹಚ್ಚೋ ಹೊತ್ತಿಗೆ ‘ಅದನ್ನೂ ಬರಿ’ ಅಂದ್ಲು ಅವ್ವ. ನಿಮ್ಮ ಪತ್ರ ಬಂದ ನಾಲ್ಕನೇ ದಿನ ಅಕಿ ತಾನೇ ಹೋಗಿ ಶೀತಲ ಅನ್ನೋ ವಕೀಲರನ್ನ ಕಂಡು ಬಂದು, ಈಗ ವಿಚ್ಛೇದನಕ್ಕ ಅರ್ಜಿ ಹಾಕ್ಯಾಳ. ಗಂಡ ಸಂಸಾರ ತ್ಯಾಗ ಮಾಡಿ ಸನ್ಯಾಸಿ ಆದ್ರ ಬಿಡುಗಡಿ ಕೇಳೋ ಹಕ್ಕು ಹೆಂಡತಿಗೆ ಕಾಯ್ದೆಯೊಳಗ ಅದ ಅಂತ, ಇಷ್ಟು ಓದಿದ ನನಗೂ ಗೊತ್ತಿರಲಿಲ್ಲ. ನೋಟೀಸು ಬರತದ, ತಿರುಗಿಸಿ ಕಳಸಬ್ಯಾಡ್ರಿ. ನವೆಂಬರ್ ಹದಿನಾಲ್ಕಕ್ಕ, ಮುಂಜಾನೆ ಹನ್ನೊಂದಕ್ಕ, ಶಿವಾಜಿನಗರದ ಕೋರ್ಟಿನಾಗ ತಾರೀಖು ಅದ. ಅಲ್ಲಿಗೆ ಬರ್ರಿ, ದೀಪಾವಳಿಗೆ ಮನಿಗೆ ಬರಬ್ಯಾಡ್ರಿ. ಅರ್ಜಿಗೆ ಸಹಿ ಮಾಡೋ ದಿನ ನಾನೂ ಹೋಗಿದ್ದೆ. ಕನ್ನಡದಾಗ ತನ್ನ ಪೂರಾ ಹೆಸರು ಬರದ್ಲು. ಹೊರಗ ಬಂದು ಚಹಾದ ಟಪರಿ ಮುಂದ ಬಾಕಿನ ಮ್ಯಾಲೆ ಕೂತು ಎರಡು ಚಹಾ ಹೇಳಿದ್ಲು. ಈ ನಾಲ್ಕು ವರ್ಷದಾಗ ಅವ್ವ ಕೂತು ಚಹಾ ಕುಡದದ್ದು ನಾ ಅವತ್ತೇ ನೋಡಿದ್ದು.