ತೊಂಬತ್ತೆಂಟು ಪಾಲು ನಗು, ಒಂದು ಕೆಂಪು ದೀಪ

ಸುಸ್ಥಿರತಾ ವರದಿ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ, ಮೂರನೇ ಶೆಡ್ಡಿನಿಂದ ಉಗ್ರಾಣಕ್ಕೆ ಹೋಗುವ ತಿರುವಿನಲ್ಲಿ ಒಂದು ಕೆಂಪು ದೀಪ ಹಾಕಿಸಿಕೊಡಿ ಎಂದು ಕಿವಿ ಕೇಳದ ಕೆಲಸಗಾರ್ತಿಯೊಬ್ಬಳು ನಿಮ್ಮನ್ನು ಕೇಳಿಕೊಂಡಿದ್ದಳು. ನೀವು ಆಗದು ಎಂದಿರಿ. ಅದಕ್ಕೆ ಕಾರಣವಾಗಿ ಒಂದು ಅಂಕಿಯನ್ನೂ ಒಂದು ವಾಕ್ಯವನ್ನೂ ಮುಂದಿಟ್ಟಿರಿ. ಎರಡೂ ಸುಳ್ಳು. ನನಗೆ ಗೊತ್ತಿರುವುದು ಹೇಗೆಂದರೆ, ಆ ಅಂಕಿಯ ಸೂಲಗಿತ್ತಿಯರಲ್ಲಿ ನಾನೂ ಒಬ್ಬಳು. ಆ ವಾಕ್ಯವನ್ನಂತೂ ಹೆತ್ತವಳೇ ನಾನು.

ನಾನು ಮಾತಿನವಳಲ್ಲ. ಸಭೆಗಳಲ್ಲಿ ನನ್ನನ್ನು ನೀವು ಎರಡು ಸಲ ನೋಡಿದ್ದೀರಿ, ಎರಡು ಸಲವೂ ನಾನು ನೀರಿನ ಬಾಟಲಿಗಳನ್ನು ಜೋಡಿಸುತ್ತಿದ್ದೆ. ಸಾಹಿತ್ಯದಲ್ಲಿ ಪದವಿ ಪಡೆದು ಜಾವಾದ ಸೆಮರಾಂಗಿನ ಹೊರವಲಯದ ನಿಮ್ಮ ಪಾದರಕ್ಷೆ ಕಾರ್ಖಾನೆಗೆ ವರದಿ ಸಹಾಯಕಿಯಾಗಿ ಸೇರಿ ಈಗ ಹದಿನೆಂಟು ತಿಂಗಳು. ಅಂಕಿಗಳಿಗೆ ಜೀವ ತುಂಬುವುದು ನಿನ್ನ ಕೆಲಸ ಎಂದು ಸೇರಿದ ದಿನವೇ ಹೇಳಿದ್ದರು. ಜೀವ ಇದ್ದವರ ಕತೆ ಏನು ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಈ ವಿಷಯವಾಗಿ ಎರಡು ಸಲ ನಿಮ್ಮ ಕಚೇರಿಗೇ ಬರೆದೆ. "ನಿಮ್ಮ ಅನಿಸಿಕೆ ನಮಗೆ ಅಮೂಲ್ಯ" ಎಂಬ ಒಂದೇ ಉತ್ತರ ಎರಡು ಸಲವೂ ಬಂತು, ಅಲ್ಪವಿರಾಮವೂ ಬದಲಾಗದೆ. ಆದ್ದರಿಂದ ಈ ಪತ್ರ ಪತ್ರಿಕೆಯಲ್ಲಿ.

ಮೊದಲು ಅಂಕಿಯ ಮಾತು. ಈ ವರ್ಷದ ವರದಿಯಲ್ಲಿ ನಮ್ಮ ಹನ್ನೊಂದು ಸಾವಿರ ಕೆಲಸಗಾರರ ಪೈಕಿ ನೂರಕ್ಕೆ ತೊಂಬತ್ತೆಂಟು ಮಂದಿ ತಮ್ಮ ಕೆಲಸ, ಸುರಕ್ಷತೆ, ಮೇಲಧಿಕಾರಿಗಳು ಎಲ್ಲದರ ಬಗ್ಗೆಯೂ "ಅತ್ಯಂತ ಸಂತುಷ್ಟರು" ಎಂದಿದೆ. ಇಂಥ ಸಂತೋಷ ಸ್ವರ್ಗದಲ್ಲಿಯೂ ಇರಲಾರದು. ಅಲ್ಲಿಯೂ ಹತ್ತು ಜನ ನೆರಳು ಸಾಲದು ಎಂದು ಗೊಣಗುತ್ತಿರುತ್ತಾರೆ. ಈ ಸಂತೋಷವನ್ನು ಅಳೆದದ್ದು ಹೇಗೆ? ಜನವರಿಯಲ್ಲಿ ಕಂಪನಿಯ ವಾರ್ಷಿಕೋತ್ಸವ ನಡೆಯಿತು. ಹಳದಿ ಅನ್ನದ ಗೋಪುರ ಕಟ್ಟಿ, ಪ್ರಾರ್ಥನೆ ಮಾಡಿ, ಎಲ್ಲರಿಗೂ ಒಂದೊಂದು ಡಬ್ಬಿ ಊಟ ಹಂಚಿದರು. ಪ್ರತಿ ಡಬ್ಬಿಯ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಒಂದು ಪ್ರಶ್ನಾವಳಿ. ಪ್ರತಿ ಪ್ರಶ್ನೆಯ ಮುಂದೆ ಐದು ಮುಖಗಳು, ಅಳುವ ಮುಖದಿಂದ ಹಲ್ಲು ಬಿಡುವ ಮುಖದವರೆಗೆ. ಮಾರನೆಯ ಬೆಳಿಗ್ಗೆ ತುಂಬಿದ ಹಾಳೆ ಕೊಡದವರನ್ನು ಕಾವಲುಗಾರ ಗೇಟಿನೊಳಗೆ ಬಿಡಲಿಲ್ಲ. ವರದಿಯಲ್ಲಿ ಇದಕ್ಕೆ "ಸ್ವಯಂಪ್ರೇರಿತ ಭಾಗವಹಿಸುವಿಕೆ" ಎಂದು ಹೆಸರು.

ಮಾನ್ಯರೇ, ನೀವೂ ಜಾವಾದಲ್ಲೇ ಹುಟ್ಟಿದವರು ಎಂದು ಕೇಳಿದ್ದೇನೆ. ನಿಮ್ಮ ಕಚೇರಿಯ ಇಪ್ಪತ್ತೊಂದನೇ ಮಹಡಿಗೆ ಏರುವಾಗ ಮರೆತಿರಬಹುದು: ಪ್ರಾರ್ಥನೆಯ ಊಟದ ಡಬ್ಬಿ ಬೆರ್ಕತ್, ಮನೆಮಂದಿಗೆಲ್ಲ ಸಲ್ಲುವ ಪ್ರಸಾದ. ಅದನ್ನು ಯಾರೂ ಅಲ್ಲೇ ಬಿಚ್ಚಿ ತಿನ್ನುವುದಿಲ್ಲ, ಮನೆಗೆ ಒಯ್ಯುತ್ತಾರೆ. ಬಾಗಿಲಲ್ಲಿ ಕಾಯುತ್ತಿರುವ ಮಕ್ಕಳು ಅದನ್ನು ಕಿತ್ತುಕೊಂಡು ಬಿಚ್ಚುತ್ತಾರೆ. ನಿಮಗೂ ನಿಮ್ಮ ತಾಯಿ ಹಾಗೆ ತಂದಿರಬೇಕು. ಆ ಸಂಜೆ ಹನ್ನೊಂದು ಸಾವಿರ ಮನೆಗಳಲ್ಲಿ ಮಕ್ಕಳು ಡಬ್ಬಿ ಬಿಚ್ಚಿದರು, ಮೇಲಿದ್ದ ಹಾಳೆಯ ಮುಖಗಳನ್ನು ನೋಡಿ ಹಿಗ್ಗಿದರು, ಕೋಳಿಯ ಕಾಲು ಚೀಪುತ್ತಾ ತಮಗೆ ಚೆನ್ನಾಗಿ ಕಂಡ ಮುಖಕ್ಕೆ ಗುರುತು ಹಾಕಿದರು. ಯಾವ ಮಗು ಅಳುವ ಮುಖವನ್ನು ಆರಿಸುತ್ತದೆ?

ಹಾಳೆಗಳನ್ನು ಯಂತ್ರಕ್ಕೆ ಹಾಕುವ ಮೊದಲು ಕೈಯಲ್ಲಿ ಹಿಡಿದು ನೋಡಿದವಳು ನಾನು. ಅರಿಸಿನದ ಬೆರಳಚ್ಚು, ಮೇಣದ ಬಳಪದ ನೀಲಿ. ಒಂದರಲ್ಲಿ ಐದೂ ಮುಖಗಳಿಗೆ ಮೀಸೆ. ಇನ್ನೊಂದರಲ್ಲಿ ನಗುವ ಮುಖಕ್ಕೆ ಅಚ್ಚುಕಟ್ಟಾಗಿ ತಲೆವಸ್ತ್ರ ಬರೆದು ಪಕ್ಕದಲ್ಲಿ "ಅಮ್ಮ" ಎಂದಿತ್ತು. ಅವುಗಳಲ್ಲಿ ನೂರಿನ್ನೂರನ್ನು ಎತ್ತಿಕೊಂಡು ಹೋಗಿ ನನ್ನ ಮೇಲ್ವಿಚಾರಕರಾದ ಪಾಕ್ ತರ್ಮುಜಿ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಮಕ್ಕಳು ಸುಳ್ಳು ಹೇಳ್ತಾವೇನಮ್ಮ? ಅಪ್ಪ ಅಮ್ಮ ಸುಖವಾಗಿದ್ರೆ ತಾನೇ ಅವೂ ನಗೋದು. ಎಣಿಸು, ಎಣಿಸು" ಎಂದರು. ಎಣಿಸಿದೆ.

ಮೂರನೇ ಶೆಡ್ಡಿನ ಬು ಕಸ್ಮಿ, ಎಲ್ಲರ ಕಸ್ಮಿ ಅಮ್ಮ, ಮೂವತ್ತೊಂದು ವರ್ಷದಿಂದ ಅಲ್ಲಿ ಅಟ್ಟೆಯ ಅಂಚು ಕತ್ತರಿಸುತ್ತಿರುವ ಹಿರಿಯ ಹೆಂಗಸು. ನಿಮ್ಮ ಹಾಳೆ ತುಂಬಿದವರು ಯಾರು ಎಂದು ಅವರನ್ನು ಕೇಳಿದೆ. ಮೊಮ್ಮಗ ಎಂದರು. ನೀವೇ ತುಂಬಿದ್ದರೆ ಏನು ಹಾಕುತ್ತಿದ್ದಿರಿ ಎಂದೆ.

"ನಾನೂ ಅದನ್ನೇ ಹಾಕ್ತಿದ್ದೆ ಮಗಳೇ. ಉಂಡ ಎಲೆ ಮುಂದೆ ಕೂತು ಉಪ್ಪು ಸಾಲದು ಅನ್ನೋ ಮಂದಿ ಅಲ್ಲ ನಾವು. ಕೇಳ್ಬೇಕು ಅಂತಿದ್ರೆ ಊಟ ಕೊಡ್ದೆ ಕೇಳ್ಬೇಕಿತ್ತು ನಿಮ್ಮೋರು."

ಹದಿನಾರು ಪುಟಗಳ ನಿಮ್ಮ "ಮಾಪನ ವಿಧಾನ" ಅಧ್ಯಾಯದಲ್ಲಿ ಇಷ್ಟು ವಿವೇಕ ಎಲ್ಲಿದೆ, ತೋರಿಸುತ್ತೀರಾ?

ಸಮುದಾಯ ಸೇವೆಯ ಲೆಕ್ಕವೂ ಇದೇ ಮನೆತನದ್ದು. ಭಾನುವಾರ ಬೆಳಿಗ್ಗೆ ನಮ್ಮ ಕೇರಿಗಳಲ್ಲಿ ಎಲ್ಲರೂ ಸೇರಿ ಚರಂಡಿಯ ಹೂಳು ಎತ್ತುವುದು ನಿಮ್ಮ ಕಾರ್ಖಾನೆ ಹುಟ್ಟುವುದಕ್ಕೆ ಮುಂಚಿನ ಪದ್ಧತಿ. ಕೆಸರಿಗೆ ಇಳಿಯುವವರು ಒಳ್ಳೆಯ ಬಟ್ಟೆ ಹಾಕುತ್ತಾರೆಯೇ? ಮನೆಯಲ್ಲಿರುವ ಹಳೆಯ ಕಾರ್ಖಾನೆ ಅಂಗಿ ಹಾಕುತ್ತಾರೆ. ನಿಮ್ಮವರು ಆ ಅಂಗಿಗಳ ಚಿತ್ರ ತೆಗೆದು, ತಲೆ ಎಣಿಸಿ, ಗಂಟೆಗಳಿಂದ ಗುಣಿಸಿ, "ಕಂಪನಿಯ ಕೊಡುಗೆ: ನಲವತ್ತು ಸಾವಿರ ಗಂಟೆ" ಎಂದು ಅಚ್ಚು ಹಾಕಿದರು. ಸದ್ಯ, ನಾವು ಹಳೆಯ ಅಂಗಿಯಲ್ಲಿ ನಿದ್ದೆಯನ್ನೂ ಮಾಡುತ್ತೇವೆಂಬುದು ನಿಮಗೆ ತಿಳಿಯಲಿಲ್ಲ.

ಇಲ್ಲಿಯವರೆಗೆ ಯಾರಿಗೂ ಗಾಯವಾಗಲಿಲ್ಲ, ನಗಬಹುದು. ಇನ್ನು ರುಮಿನಿಯ ವಿಷಯ.

ರುಮಿನಿಗೆ ಇಪ್ಪತ್ತಾರು ವರ್ಷ. ಮಧುರಾ ದ್ವೀಪದವಳು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಿಮ್ಮ ವೈವಿಧ್ಯದ ಪಟ್ಟಿಯಲ್ಲಿ ಅವಳು ಮಹಿಳೆಯ ಸಾಲಿನಲ್ಲಿ ಒಂದು, ಅಂಗವಿಕಲರ ಸಾಲಿನಲ್ಲಿ ಒಂದು, ಹೊರಸೀಮೆಯವರ ಸಾಲಿನಲ್ಲಿ ಇನ್ನೊಂದು. ಒಬ್ಬಳು ರುಮಿನಿ ನಿಮ್ಮಲ್ಲಿ ಮೂವರಾಗುತ್ತಾಳೆ. ಈ ಮೂವರಿಗೂ ಸೇರಿ ಕಾಲು ಎರಡೇ. ಅದರಲ್ಲಿ ಎಡಗಾಲಿನ ಹರಡಿನ ಮೇಲೆ ಫೆಬ್ರುವರಿಯಲ್ಲಿ ಸರಕು ಎತ್ತುವ ಗಾಡಿ ಹತ್ತಿತು. ಅವಳ ಮೇಜು ತಿರುವಿಗೆ ಬೆನ್ನು ಮಾಡಿ ಇದೆ. ಮುಗಿದ ಅಟ್ಟೆಗಳ ತಟ್ಟೆ ತುಂಬಿದಾಗಲೆಲ್ಲ ಹಿಂದಕ್ಕೆ ತಿರುಗಿ ಗಾಡಿಯ ದಾರಿಗೆ ಇಳಿಯಬೇಕು. ಗಾಡಿಯವನು ಹಾರ್ನ್ ಒತ್ತಿದ್ದ. ತನಿಖೆಯಲ್ಲಿ ಅದನ್ನು ದೊಡ್ಡಕ್ಷರದಲ್ಲಿ ಬರೆದರು: ಎಚ್ಚರಿಕೆ ಶಬ್ದ ಮಾಡಲಾಗಿತ್ತು.

ಮೂರು ವಾರ ಕಳೆದು ಅವಳು ಅದೇ ಮೇಜಿಗೆ ಮರಳಿದಾಗ ಪಕ್ಕದ ಮೇಜಿನ ಬು ಕಸ್ಮಿ ಬಿಸಾಡಿದ ಶೂ ಲೇಸುಗಳನ್ನು ಗಂಟು ಹಾಕಿ ನಾಲ್ಕು ಮಾರು ದಾರ ಮಾಡಿದರು. ಒಂದು ತುದಿ ರುಮಿನಿಯ ಸೊಂಟಕ್ಕೆ, ಇನ್ನೊಂದು ತಮ್ಮ ಎಡ ಮಣಿಕಟ್ಟಿಗೆ. ಒಮ್ಮೆ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ದಾರಿ ಖಾಲಿ. ಹನ್ನೊಂದು ಸಾವಿರ ಜನರ ಕಾರ್ಖಾನೆಯಲ್ಲಿ ರುಮಿನಿಗಿರುವ ಸುರಕ್ಷತಾ ವ್ಯವಸ್ಥೆ ಇಷ್ಟೇ.

ಮಾರ್ಚಿನಲ್ಲಿ ವರದಿಗೆ ಚಿತ್ರ ತೆಗೆಯಲು ಜಕಾರ್ತಾದಿಂದ ಜನ ಬಂದರು. ದಾರ ಚೆನ್ನಾಗಿ ಕಾಣುವುದಿಲ್ಲ, ಬಿಚ್ಚಿಡಿ ಎಂದರು. ಬಿಚ್ಚಿದರು. ಆ ಇಡೀ ಬೆಳಿಗ್ಗೆ ರುಮಿನಿ ದಾರವಿಲ್ಲದೆ ದಾರಿಗಿಳಿದು ಹತ್ತಿ ನಗುತ್ತಿದ್ದಳು, ಬು ಕಸ್ಮಿ ಕೆಲಸ ಬಿಟ್ಟು ಅವಳನ್ನೇ ನೋಡುತ್ತಾ ನಿಂತಿದ್ದರು. ಚಿತ್ರದ ಕೆಳಗೆ ಅವಳ ಬಾಯಿಂದ ಒಂದು ಮಾತು ಬೇಕು ಎಂದರು ಪಾಕ್ ತರ್ಮುಜಿ. ಹೊತ್ತು ಮೀರಿತ್ತು. ಅವಳ ಹತ್ತಿರ ಹೋಗಿ ಫೋನಿನಲ್ಲಿ ಬರೆಸಿಕೊಳ್ಳಲು ನನಗೆ ಸಂಕೋಚ. ನಾನೇ ಬರೆದೆ: "ಈ ಕಾರ್ಖಾನೆ ನನ್ನ ಮನೆ. ಇಲ್ಲಿ ನಾನು ಸಂಪೂರ್ಣ ಸುರಕ್ಷಿತಳು." ಚೆನ್ನಾಗಿದೆ ಎಂದು ಎಲ್ಲರೂ ಮೆಚ್ಚಿದರು. ನಾನು ಓದಿದ ಸಾಹಿತ್ಯಕ್ಕೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಮೇ ತಿಂಗಳಲ್ಲಿ ರುಮಿನಿ ಅರ್ಜಿ ಬರೆದಳು. ತಿರುವಿನ ನಕ್ಷೆ ಬಿಡಿಸಿ, ಗಾಡಿ ಬರುವಾಗ ತಿರುಗುವ ಕೆಂಪು ದೀಪ ಎಲ್ಲಿದ್ದರೆ ತನ್ನ ಕಣ್ಣಿಗೆ ಬೀಳುತ್ತದೆ ಎಂದು ಚುಕ್ಕೆ ಇಟ್ಟು ತೋರಿಸಿದ್ದಳು. ಜೂನಿನಲ್ಲಿ ನಿಮ್ಮ ಸಹಿಯೊಂದಿಗೆ ಉತ್ತರ ಬಂತು. ಸುರಕ್ಷತೆಯ ಬಗ್ಗೆ ನೂರಕ್ಕೆ ತೊಂಬತ್ತೆಂಟು ಮಂದಿ ಸಂತುಷ್ಟರಾಗಿರುವುದರಿಂದಲೂ, ಅರ್ಜಿದಾರರೇ ವರದಿಯಲ್ಲಿ ತಾವು ಸಂಪೂರ್ಣ ಸುರಕ್ಷಿತರೆಂದು ಹೇಳಿಕೊಂಡಿರುವುದರಿಂದಲೂ, ವಿಶೇಷ ವ್ಯವಸ್ಥೆಯ ಅಗತ್ಯ ಕಂಡುಬಂದಿಲ್ಲ.

ರುಮಿನಿ ಆ ಕಾಗದ ಹಿಡಿದು ನನ್ನ ಮೇಜಿಗೆ ಬಂದಳು. ಕೋಪವಿರಲಿಲ್ಲ, ಗೊಂದಲವಿತ್ತು. ಫೋನಿನಲ್ಲಿ ಬರೆದು ನನ್ನ ಮುಂದೆ ಹಿಡಿದಳು: "ಇದನ್ನ ನಾನು ಯಾವಾಗ ಹೇಳಿದೆ?"

ನೀನು ಹೇಳಲಿಲ್ಲ, ನಿನ್ನ ಹೆಸರಲ್ಲಿ ನಾನೇ ಬರೆದೆ ಎಂದು ಬರೆದು ತೋರಿಸಿದೆ. ಮಾರ್ಚಿನಲ್ಲಿ ಕೇಳಬೇಕಾಗಿದ್ದುದನ್ನು ನಾನು ಆಗ ಕೇಳಿದೆ: ಅಲ್ಲಿ ನಿನಗೆ ಭಯವಾಗುತ್ತದೆಯೇ? ಏನೂ ಇಲ್ಲ ಎಂದು ಬರೆದಳು. ಮತ್ತೆ ಕೇಳಿದೆ. ಏನೂ ಇಲ್ಲ, ಅಭ್ಯಾಸವಾಗಿದೆ ಎಂದು ಬರೆದಳು. ಮೂರನೇ ಸಲ ಕೇಳಿದಾಗ ಉದ್ದಕ್ಕೆ ಏನೋ ಬರೆದು, ಎಲ್ಲ ಅಳಿಸಿ, ಒಂದು ಸಾಲು ಉಳಿಸಿದಳು:

"ಕಸ್ಮಿ ಅಮ್ಮ ಇರೋ ತನಕ ಇಲ್ಲ."

ಬು ಕಸ್ಮಿ ಆಗಸ್ಟ್ ಮೂವತ್ತಕ್ಕೆ ನಿವೃತ್ತರಾಗುತ್ತಾರೆ. ಅವರ ಮೇಜಿಗೆ ಯಂತ್ರ ಬರುತ್ತದಂತೆ. ಯಂತ್ರದ ಮಣಿಕಟ್ಟಿಗೆ ದಾರ ಕಟ್ಟಲು ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಆ ವಾಕ್ಯ ರುಮಿನಿಯದಲ್ಲ, ನನ್ನದು ಎಂದು ವರದಿಯಲ್ಲಿ ತಿದ್ದಿ. ನನ್ನ ಮೇಲೆ ಏನು ಕ್ರಮ ಬೇಕಾದರೂ ಆಗಲಿ, ತಪ್ಪು ಮಾಡಿದ್ದೇನೆ. ಮಕ್ಕಳು ಕೊಟ್ಟ ಅಂಕಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮತ್ತೆ ಕೇಳಬೇಕೆನಿಸಿದರೆ ಡಬ್ಬಿಯಿಲ್ಲದೆ ಬನ್ನಿ, ಮೇಜಿನ ಪಕ್ಕ ಕುಳಿತು ಕೇಳಿ. ಮೊದಲೆರಡು ಸಲ ಏನೂ ಇಲ್ಲ ಎನ್ನುತ್ತೇವೆ. ಅಲ್ಲಿಗೇ ಬರೆದುಕೊಂಡು ಎದ್ದು ಹೋಗಬೇಡಿ. ಇವೆಲ್ಲ ತಡವಾದರೂ ಸಹಿಸುತ್ತೇವೆ, ತಡ ನಮಗೆ ಹೊಸದಲ್ಲ. ತಡವಾಗಕೂಡದ್ದು ಒಂದೇ, ಆ ದೀಪ.

ಈ ಪತ್ರ ಅಚ್ಚಾಗುವ ದಿನಕ್ಕೆ ಬು ಕಸ್ಮಿಯವರ ಕೆಲಸ ಇನ್ನು ಹತ್ತೊಂಬತ್ತು ದಿನ ಉಳಿದಿರುತ್ತದೆ. ದೀಪ ಹಾಕಲು ಎಷ್ಟು ಹೊತ್ತು ಬೇಕೆಂದು ವಿದ್ಯುತ್ ವಿಭಾಗದವರನ್ನು ನಾನೇ ಹೋಗಿ ಕೇಳಿದೆ. ಅರ್ಧ ದಿನ ಸಾಕಂತೆ. ಉಳಿದ ಹದಿನೆಂಟೂವರೆ ದಿನ ನಿಮಗೆ, ಯೋಚಿಸಲು.

ಇಂತಿ,
ಕೇಳದೆ ಬರೆದು ಈಗ ಕೇಳಿಕೊಳ್ಳುತ್ತಿರುವ ನಿಮ್ಮ ವರದಿ ಸಹಾಯಕಿ,
ಕಿನಾಸಿಹ್